ಯಜಮಾನರಿಲ್ಲದ ಸಂಸಾರ

ಬೆಲ್ಲದ ಡಬ್ಬಿಯ ಮುಚ್ಚಳವು ತುಸು ಸಡಿಲವಾದರೆ ಸಾಕು, ಅದುವರೆಗೆ ಎಲ್ಲಿದ್ದುವೋ ಕಾಣದ ಇರುವೆಗಳು ಗೋಡೆಯುದ್ದಕ್ಕೂ ಸಾಲುಗಟ್ಟುವುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಆದರೆ ಆ ಸಾಲಿಗೆ ಅಪ್ಪಣೆ ಕೊಟ್ಟವರಾರು, ದಾರಿ ತೋರಿದವರಾರು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಈ ಪ್ರಶ್ನೆಯನ್ನೇ ಆಟದ ರೂಪಕ್ಕೆ ತಂದು ಹಿರಿಯರ ಕೈಗೂ ಕಿರಿಯರ ಕೈಗೂ ಕೊಟ್ಟ ಹಳೆಯ ಕಂಪ್ಯೂಟರ್ ಆಟವೊಂದುಂಟು. ಅದರ ವಿಚಾರವನ್ನು ಇಲ್ಲಿ ಅರುಹಬೇಕೆಂದಿದ್ದೇವೆ.

ಆಟದ ಹೆಸರು ಸಿಮ್‌ಆಂಟ್. ೧೯೯೧ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಮ್ಯಾಕ್ಸಿಸ್ ಎಂಬ ಕಂಪೆನಿಯವರು ಇದನ್ನು ಪ್ರಕಟಿಸಿದರು. ಇದನ್ನು ರಚಿಸಿದವರು ವಿಲ್ ರೈಟ್. ೧೯೮೯ರಲ್ಲಿ ಸಿಮ್‌ಸಿಟಿ ಎಂಬ, ನಗರವನ್ನು ಕಟ್ಟಿ ಆಳುವ ಆಟದಿಂದ ಇವರು ಆಗಲೇ ಹೆಸರಾಗಿದ್ದರು. ಎಡ್ವರ್ಡ್ ವಿಲ್ಸನ್, ಬರ್ಟ್ ಹೋಲ್ಡಾಬ್ಲರ್ ಎಂಬ ವಿಜ್ಞಾನಿಗಳಿಬ್ಬರು ೧೯೯೦ರಲ್ಲಿ ಇರುವೆಗಳನ್ನು ಕುರಿತು ಒಂದು ಮಹಾಗ್ರಂಥವನ್ನು ಬರೆದರು. ಮರುವರ್ಷವೇ ಅದಕ್ಕೆ ಪುಲಿಟ್ಜರ್ ಪಾರಿತೋಷಕವು ದೊರೆಯಿತು. ರೈಟರ ಆಟಕ್ಕೆ ಪ್ರೇರಣೆಯಾದುದು ಈ ವಿದ್ವಾಂಸರ ಪರಿಶ್ರಮವೇ.

ಆಟದ ರಂಗಭೂಮಿ ಅಮೆರಿಕದ ಗೃಹಸ್ಥನೊಬ್ಬನ ಮನೆ ಮತ್ತು ಹಿತ್ತಿಲು. ಅಲ್ಲಿ ಕಪ್ಪಿರುವೆಗಳಿಗೂ ಕೆಂಪಿರುವೆಗಳಿಗೂ ತೀರದ ವೈರ. ಆಡುವವನು ಕಪ್ಪಿರುವೆಗಳ ಪಕ್ಷದವನು. ಅವನು ನಡೆಸುವ ಇರುವೆಗೆ ಮಾತ್ರ ಗುರುತಿಗಾಗಿ ಹಳದಿ ಬಣ್ಣ. ಅವನು ಆಹಾರವನ್ನು ಅರಸಿ ತರಬೇಕು, ನೆಲವನ್ನು ತೋಡಬೇಕು, ಮೊಟ್ಟೆಗಳನ್ನು ಕಾಯಬೇಕು, ಹಸಿದ ಸಂಗಾತಿಗೆ ಬಾಯಿಂದ ಬಾಯಿಗೆ ಉಣಿಸಬೇಕು. ಜೇಡ, ಮರಳಿನಲ್ಲಿ ಕುಳಿ ತೋಡಿ ಹೊಂಚುವ ಹುಳು, ಮಳೆ, ಹುಲ್ಲು ಕತ್ತರಿಸುವ ಯಂತ್ರ, ಮನುಷ್ಯನ ಪಾದ—ಇವೆಲ್ಲವೂ ಅವನ ಪಾಲಿಗೆ ಮೃತ್ಯುವೇ. ಆದರೆ ಹಳದಿ ಇರುವೆ ಸತ್ತರೂ ಆಟವು ಮುಗಿಯದು. ಗೂಡಿನ ಮೊಟ್ಟೆಯೊಂದರಿಂದ ಆಡುವವನು ಮರಳಿ ಹುಟ್ಟಿಬರುತ್ತಾನೆ. ಗೂಡು ಅಳಿದರೆ ಮಾತ್ರ ಸೋಲು.

ಇನ್ನು ಅಪ್ಪಣೆಯ ಮಾತು. ರಾಣಿಯಿರುವೆಯೆಂಬ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಆಕೆ ಆಳುವವಳಲ್ಲ, ಹೆರುವವಳು. ಒಮ್ಮೆ ಹಾರಿ ಗಂಡಿರುವೆಗಳನ್ನು ಕೂಡಿದ ಮೇಲೆ ರೆಕ್ಕೆಗಳನ್ನು ಕಳಚಿ ಮಣ್ಣು ಸೇರುತ್ತಾಳೆ. ಅನೇಕ ಜಾತಿಗಳಲ್ಲಿ ಮೊದಲ ಸಂತಾನವನ್ನು ತನ್ನ ದೇಹದ ಸಾರದಿಂದಲೇ ಸಾಕುತ್ತಾಳೆ. ಯೂರೋಪಿನ ಕಪ್ಪಿರುವೆಯ ರಾಣಿಯೊಬ್ಬಳು ಸಾಕಣೆಯಲ್ಲಿ ೨೮ ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದುಂಟು. ದುಡಿಯುವ ಇರುವೆಗಳೆಲ್ಲವೂ ಹೆಣ್ಣುಗಳೇ. ಇವುಗಳೊಳಗೆ ನಡೆಯುವ ಭಾಷೆ ಬಹುಮಟ್ಟಿಗೆ ವಾಸನೆಯದು. ಆಹಾರವನ್ನು ಕಂಡ ಇರುವೆಯು ಮರಳುವಾಗ ನೆಲದ ಮೇಲೆ ವಾಸನೆಯ ಗೆರೆಯನ್ನೆಳೆಯುತ್ತದೆ. ಇನ್ನೊಂದು ಅದನ್ನು ಹಿಡಿದು ಹೋಗಿ, ತಾನೂ ಆಹಾರ ಕಂಡರೆ ಗೆರೆಯನ್ನು ಗಾಢಗೊಳಿಸುತ್ತದೆ. ಆಹಾರ ತೀರಿದಾಗ ಗೆರೆಯನ್ನು ತಿದ್ದುವವರಿಲ್ಲದೆ ವಾಸನೆಯು ತಾನೇ ಆರಿಹೋಗುತ್ತದೆ. ೧೯೮೯ರಲ್ಲಿ ಬ್ರಸೆಲ್ಸ್ ನಗರದ ಸಂಶೋಧಕರು ಗೂಡಿಗೂ ಆಹಾರಕ್ಕೂ ನಡುವೆ ಒಂದು ಗಿಡ್ಡ ಹಾದಿಯನ್ನೂ ಒಂದು ಉದ್ದ ಹಾದಿಯನ್ನೂ ಇಟ್ಟು ಪರೀಕ್ಷಿಸಿದರು. ಗಿಡ್ಡ ಹಾದಿಯವು ಬೇಗ ಮರಳಿದುದರಿಂದ ಅಲ್ಲಿಯ ವಾಸನೆ ಬೇಗ ಬಲಿಯಿತು. ಕೆಲವೇ ಕಾಲದಲ್ಲಿ ಬಹುಪಾಲು ಇರುವೆಗಳು ಅದನ್ನೇ ಹಿಡಿದವು. ಹಾದಿಯನ್ನು ಅಳೆದ ಇರುವೆ ಒಂದೂ ಇರಲಿಲ್ಲ!

ಸಿಮ್‌ಆಂಟಿನಲ್ಲಿ ಈ ಗೆರೆಗಳನ್ನು ಕಣ್ಣಾರೆ ಕಾಣಬಹುದು. ಆಟದ ದೊಡ್ಡ ಗುಣವಿದು. ಆದರೆ ಒಂದೆಡೆ ಅದು ಪ್ರಕೃತಿಯನ್ನು ಬಿಟ್ಟು ನಡೆಯುತ್ತದೆಂದು ನಾವು ಹೇಳಲೇಬೇಕು. ಪರದೆಯಲ್ಲಿ ಒಂದು ತ್ರಿಕೋನವಿರುತ್ತದೆ. ಅದರೊಳಗಿನ ಗುರುತನ್ನು ಸರಿಸಿ ಎಷ್ಟು ಇರುವೆಗಳು ಆಹಾರಕ್ಕೆ ಹೋಗಬೇಕು, ಎಷ್ಟು ತೋಡಬೇಕು, ಎಷ್ಟು ಮರಿಗಳನ್ನು ಸಾಕಬೇಕು ಎಂಬುದನ್ನು ಆಡುವವನು ಗೊತ್ತುಮಾಡುತ್ತಾನೆ. ನಿಜವಾದ ಗೂಡಿನಲ್ಲಿ ಇಂಥ ಕೈ ಯಾರದೂ ಇಲ್ಲ. ಡೆಬೊರಾ ಗಾರ್ಡನ್ ಎಂಬ ವಿದುಷಿಯು ಅರಿಜೋನಾ ಮರುಭೂಮಿಯ, ಕಾಳು ಕೂಡಿಡುವ ಇರುವೆಗಳನ್ನು ಬಹುವರ್ಷ ನೋಡಿ ಕಂಡುಕೊಂಡುದು ಇದು: ಕಾಳು ಹೊತ್ತು ಬಂದವುಗಳ ಮೀಸೆಯ ಸ್ಪರ್ಶವು ಬಾಗಿಲಲ್ಲಿ ಮೇಲಿಂದ ಮೇಲೆ ದೊರೆತರೆ ಒಳಗಿನವು ಹೊರಡುತ್ತವೆ, ವಿರಳವಾದರೆ ಕಾಯುತ್ತವೆ. ಒಡೆಯನಿಲ್ಲದ ಆಟವು ಮನುಷ್ಯನಿಗೆ ರುಚಿಸದೆಂದು ರೈಟರು ಎಣಿಸಿದರೋ ಏನೋ, ಆಡುವವನಿಗೆ ಯಜಮಾನಿಕೆಯನ್ನು ಕೊಟ್ಟರು.

ಪೂರ್ಣ ಆಟದ ಗುರಿಯಂತೂ ಗೃಹಸ್ಥರನ್ನು ನಗಿಸಿ ಚಿಂತೆಗೂ ಈಡುಮಾಡುವಂಥದು. ಕೆಂಪಿರುವೆಗಳನ್ನು ಗೆದ್ದು, ಹಿತ್ತಿಲನ್ನು ತುಂಬಿ, ಮನೆಯೊಳಕ್ಕೂ ಹಬ್ಬಿ, ಮನೆಯವರನ್ನೇ ಓಡಿಸಬೇಕು! ಅಡಿಗೆಯ ಮನೆಯನ್ನು ಕಾಯುವ ನಾವು ಕ್ಷಣಕಾಲ ಅದನ್ನು ಮುತ್ತುವವರ ಕಣ್ಣಿನಿಂದ ನೋಡುತ್ತೇವೆ.

ಈ ಆಟದ ಬೀಜವು ಮುಂದೆಯೂ ಮೊಳೆಯಿತು. ರೈಟರ ತಂಡವು ೨೦೦೦ದಲ್ಲಿ ಹೊರತಂದ ದಿ ಸಿಮ್ಸ್ ಎಂಬ ಆಟದಲ್ಲಿ ಒಂದು ಮನುಷ್ಯ ಸಂಸಾರವುಂಟು. ಅಲ್ಲಿ ಹಸಿದವನನ್ನು ತಿನಿಸಿನ ಪೆಟ್ಟಿಗೆಯೂ ದಣಿದವನನ್ನು ಹಾಸಿಗೆಯೂ ತಾವಾಗಿಯೇ ಕರೆಯುತ್ತವೆ. ನೆಲದ ವಾಸನೆಯು ಇರುವೆಯನ್ನು ಕರೆಯುವ ರೀತಿಯೇ ಇದು.

ನಮ್ಮ ಮನೆಯ ಮಕ್ಕಳು ಪರದೆಯ ಮುಂದೆ ಕೂರುವುದನ್ನು ಕಂಡು ಬೇಸರಪಡುವ ತಂದೆತಾಯಂದಿರಿಗೆ ನಮ್ಮದೊಂದು ಸೂಚನೆ. ಎಲ್ಲ ಆಟವೂ ಒಂದೇ ಎಣೆಯದಲ್ಲ. ಆಟ ಮುಗಿದ ಮೇಲೆ ಮಗುವು ಲೋಕವನ್ನು ಹೆಚ್ಚು ಗಮನಿಸುವುದೋ ಕಡಮೆಯೋ ಎಂಬುದೇ ಅದರ ಪರೀಕ್ಷೆ. ಮುಂದೆ ಇರುವೆಯ ಸಾಲು ಕಂಡಾಗ ಪೊರಕೆಗೆ ಮೊದಲು ಮಗುವನ್ನು ಕರೆಯಿರಿ. ಸಾಲಿಗೆ ಅಡ್ಡಲಾಗಿ ಒದ್ದೆ ಬಟ್ಟೆಯಿಂದ ಒಂದು ಗೆರೆಯಷ್ಟು ಒರಸಿರಿ. ಬಂದ ಇರುವೆಗಳು ಅಂಚಿನಲ್ಲಿ ನಿಂತು, ಮೀಸೆಯಾಡಿಸಿ, ಅತ್ತಿತ್ತ ತಡಕುವುದು ಕಾಣುತ್ತದೆ. ಯಾವುದೋ ಒಂದು ಹೇಗೋ ದಾಟುತ್ತದೆ. ಅದರ ಹಿಂದೆ ಇನ್ನೊಂದು. ತುಸು ಹೊತ್ತಿಗೆ ಸಾಲು ಮತ್ತೆ ಕೂಡುತ್ತದೆ. ಹೇಳುವವರೊಬ್ಬರಿಲ್ಲದೆ ಸಂಸಾರವೊಂದು ಹೇಗೆ ಸಾಗುತ್ತದೆಂಬುದನ್ನು ಮಗುವಿಗೆ ವಿವರಿಸಲು ಅಷ್ಟೇ ಸಾಕು.