ನಾಳೆ ಬಾ

ದೆವ್ವಕ್ಕೂ ಕನ್ನಡ ಓದಲು ಬರುತ್ತದೆಂದು ನಂಬಿದ ಊರು ನಮ್ಮದು. 1990ರ ದಶಕದಲ್ಲಿ ಬೆಂಗಳೂರಿನ ಅನೇಕ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣುತ್ತಿತ್ತು. ಗೊರಗುಂಟೆಪಾಳ್ಯದ ನಮ್ಮ ಬೀದಿಯೂ ಇದಕ್ಕೆ ಹೊರತಾಗಿರಲಿಲ್ಲ. ರಾತ್ರಿ ಬರುವ ಹೆಣ್ಣುದೆವ್ವ ಮನೆಯವರ ದನಿಯಲ್ಲಿಯೇ ಕರೆಯುವುದು, ಬಾಗಿಲು ತೆರೆದವರು ಉಳಿಯರು ಎಂಬುದು ವದಂತಿ. ಬರಹವನ್ನೋದಿ ಅದು ಹಿಂತಿರುಗುವುದು. ಮರುದಿನವೂ ಅದನ್ನೇ ಓದುವುದು. ಇಲ್ಲಿ ಉಚ್ಚಾಟನೆಯಿಲ್ಲ, ಸಾಲ ಕೊಟ್ಟವನಿಗೆ ಹೇಳುವಂಥ ವಾಯಿದೆಯಷ್ಟೆ.

ಫಿಲಿಪ್ಪೀನ್ಸಿನ ಹಳ್ಳಿಗರೂ ಹುತ್ತದಲ್ಲಿ ವಾಸಿಸುವ ‘ನುನೊ’ ಎಂಬ ಮುದಿ ಕುಳ್ಳನನ್ನು ಹಾಯುವಾಗ ‘ತಬಿ ತಬಿ ಪೊ’, ಎಂದರೆ ‘ತುಸು ಸರಿಯಿರಿ ಸ್ವಾಮಿ’, ಎನ್ನುತ್ತಾರೆ. ಅಲ್ಲಿಯೂ ರಕ್ಷೆ ಮಾತೇ. ಆದರೆ ನಮ್ಮ ಕಥೆ ಹೆಚ್ಚು ಕ್ರೂರವಾದುದು. ಅದು ಆಪ್ತರ ದನಿಯನ್ನೇ ಶಂಕೆಗೆ ಒಡ್ಡಿತು. ಪೀಣ್ಯದ ಕಾರ್ಖಾನೆಯಿಂದ ರಾತ್ರಿಪಾಳಿ ಮುಗಿಸಿ ಬಂದ ಮಗ ‘ಅಮ್ಮಾ’ ಎಂದರೆ, ಒಳಗೆ ಎಚ್ಚರವಾಗಿಯೇ ಇದ್ದ ತಾಯಿ ಎರಡನೆಯ ಕೂಗಿಗಾಗಿ ಕಾಯುತ್ತಿದ್ದಳು.