ಹಳೆಯ ಕೆಲಸ ಮತ್ತೆ ಕೇಳುವಾಗ

ಹೊಸೂರು ಸಿಪ್ಕಾಟ್‌ನ ಕಾರ್ಖಾನೆ ಬಿಟ್ಟವರು ಮತ್ತೆ ಅದೇ ಗೇಟಿಗೆ ಹೋಗಿ ನಿಲ್ಲಲು ನಾಚುತ್ತಾರೆ. ಮೊದಲು ಇದನ್ನು ನೋಡಿಕೊಳ್ಳಿ: ನೀವಾಗಿ ರಾಜೀನಾಮೆ ಕೊಟ್ಟಿರೋ, ಆಳು ಹೆಚ್ಚಾಯಿತೆಂದು ಅವರೇ ತೆಗೆದರೋ?

ಅವರೇ ತೆಗೆದಿದ್ದರೆ ನೀವು ಕೇಳುವುದು ಭಿಕ್ಷೆಯಲ್ಲ. ಕಾರ್ಮಿಕರಿಗೆ ಈ ಹಕ್ಕು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ತೆಗೆದ ಒಂದು ವರ್ಷದೊಳಗೆ ಯಾರನ್ನಾದರೂ ಸೇರಿಸಿಕೊಳ್ಳುವುದಾದರೆ ತೆಗೆದವರಿಗೇ ಮೊದಲ ಅವಕಾಶ ಕೊಡಬೇಕು ಎನ್ನುತ್ತದೆ ಅದು. ಹಳೆಯ ಕಾಯ್ದೆಯಲ್ಲಿ ಈ ಒಂದು ವರ್ಷದ ಗಡುವು ಇರಲಿಲ್ಲ. ಆದ್ದರಿಂದ ತಡಮಾಡಬೇಡಿ, ಕೆಲಸದಿಂದ ತೆಗೆದ ಪತ್ರವನ್ನು ಜೋಪಾನವಾಗಿಡಿ.

ರಾಜೀನಾಮೆ ಕೊಟ್ಟವರಿಗೆ ಈ ಹಕ್ಕಿಲ್ಲ, ವಿನಂತಿ ಮಾತ್ರ. ಬಿಟ್ಟದ್ದೇಕೆಂದು ಒಂದೇ ಸಾಲಿನಲ್ಲಿ ನಿಜ ಬರೆಯಿರಿ. ತಾಯಿಯ ಕಾಯಿಲೆಯಿರಲಿ, ಬೆಂಗಳೂರಿನ ಸಂಬಳದ ಆಸೆಯಿರಲಿ. ಟೋಕನ್ ನಂಬರು, ವಿಭಾಗ, ಸೇರಿದ ಮತ್ತು ಬಿಟ್ಟ ತಾರೀಖು ಹಾಕಿ. ನಮ್ಮ ಬ್ಯಾಂಕಿನ ಕೌಂಟರಿಗೆ ಅರ್ಜಿ ಬರೆಸಲು ಬರುತ್ತಿದ್ದವರು ಕಷ್ಟವನ್ನೆಲ್ಲ ಎರಡು ಪುಟ ಹೇಳಿ ತಾರೀಖನ್ನೇ ಮರೆಯುತ್ತಿದ್ದರು! ಅರ್ಜಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರಲಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಹಿಂದೆ ಗ್ರಾಚ್ಯುಟಿ ಪಡೆದಿದ್ದರೆ ಅದರ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಪಿಂಚಣಿ ಹಣ ತೆಗೆಯದಿದ್ದರೆ ಮಾತ್ರ, ಪಿಂಚಣಿಗೆ ಬೇಕಾದ 10 ವರ್ಷಕ್ಕೆ ಹಳೆಯ ಸೇವೆಯೂ ಸೇರುತ್ತದೆ.