ದ್ವೀಪದ ನರಿಯೂ ಆನುವಂಶಿಕ ವೈವಿಧ್ಯವೂ

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ದಕ್ಷಿಣ ಕರಾವಳಿಗೆ ಎದುರಾಗಿ ಶಾಂತಸಾಗರದಲ್ಲಿ ಚಾನೆಲ್ ದ್ವೀಪಗಳೆಂಬ ಎಂಟು ದ್ವೀಪಗಳಿವೆ. ಇವುಗಳಲ್ಲಿ ಆರರಲ್ಲಿ ಮಾತ್ರ ಕಾಣಬರುವ ಒಂದು ಸಣ್ಣ ನರಿಯು, ಏಕಾಂತವಾಸವು ಪ್ರಾಣಿಸಮುದಾಯವೊಂದರ ಆನುವಂಶಿಕ ಸಂಪತ್ತನ್ನು ಎಷ್ಟರಮಟ್ಟಿಗೆ ಕರಗಿಸಬಲ್ಲುದೆಂಬುದಕ್ಕೆ ಅಪೂರ್ವವಾದ ಉದಾಹರಣೆಯಾಗಿದೆ. ಭೂಖಂಡದಲ್ಲಿರುವ ಇದರ ದಾಯಾದಿಯಾದ ಬೂದುನರಿಯು ಸಾಮಾನ್ಯವಾಗಿ 3 ರಿಂದ 7 ಕಿಲೋಗ್ರಾಂ ತೂಗುತ್ತದೆ. ದ್ವೀಪದ ನರಿಯಾದರೋ ಮನೆಯ ಬೆಕ್ಕಿನ ಗಾತ್ರದ್ದು, ಮೂರು ಕಿಲೋಗ್ರಾಂ ಮುಟ್ಟುವುದಿಲ್ಲ. ಬಾಲದ ಕಶೇರುಮಣಿಗಳೂ ಸಾಮಾನ್ಯವಾಗಿ ಎರಡು ಕಡಿಮೆ. (ಹೆಸರು ನರಿಯೆಂದಿದ್ದರೂ ಇವೆರಡೂ ನಮ್ಮ ಬಯಲುಸೀಮೆಯ ನರಿಯ ಕುಲಕ್ಕೆ ಸೇರಿದವಲ್ಲ, ಮರವೇರಬಲ್ಲ ಬೇರೊಂದು ಪ್ರಾಚೀನ ಕುಲದವು.) ಆರು ದ್ವೀಪಗಳ ನರಿಗಳನ್ನು ಆರು ಉಪಪ್ರಭೇದಗಳೆಂದು ಗಣಿಸುತ್ತಾರೆ.

ಹಿಮಯುಗದಲ್ಲಿ ಕಡಲಿನ ಮಟ್ಟ ತಗ್ಗಿದ್ದಾಗ ಉತ್ತರದ ದ್ವೀಪಗಳು ಒಂದೇ ಭೂಭಾಗವಾಗಿ ಕೂಡಿದ್ದವು. ನರಿಗಳು ಅಲ್ಲಿಗೆ ತೇಲುಮರಗಳನ್ನೇರಿ ಬಂದವೋ ಮನುಷ್ಯರೇ ಒಯ್ದರೋ ಎಂಬ ವಾದವಿನ್ನೂ ಮುಗಿದಿಲ್ಲ. ದಕ್ಷಿಣದ ದ್ವೀಪಗಳಿಗೆ ಮಾತ್ರ ಆದಿನಿವಾಸಿಗಳು ತಮ್ಮ ದೋಣಿಗಳಲ್ಲಿ ಅವನ್ನು ಕೊಂಡೊಯ್ದರೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹೇಗಾದರೂ ಇರಲಿ, ಪ್ರತಿಯೊಂದು ದ್ವೀಪದ ಸಂತತಿಯೂ ಕೆಲವೇ ಪೂರ್ವಜರಿಂದ ಮೊದಲಾಗಿ ಸಾವಿರಾರು ವರ್ಷ ಹೊರಗಿನ ರಕ್ತವಿಲ್ಲದೆ ಬೆಳೆದುದು.

ಇಂತಹ ಸಣ್ಣ ಗುಂಪಿನಲ್ಲಿ ಆಗುವುದೇನು? ಜೀನುಗಳ ವಿವಿಧ ರೂಪಗಳಲ್ಲಿ ಯಾವುದು ಮುಂದಿನ ತಲೆಮಾರಿಗೆ ಹೋಗುವುದೆಂಬುದು ಬಹುಮಟ್ಟಿಗೆ ಚೀಟಿ ಎತ್ತಿದಂತೆ ಆಕಸ್ಮಿಕ. ಒಮ್ಮೆ ಬಿಟ್ಟುಹೋದ ರೂಪ ಮರಳಿ ಬರುವುದಿಲ್ಲ. ಇದನ್ನೇ ಆನುವಂಶಿಕ ದಿಕ್ಚ್ಯುತಿ ಎನ್ನುತ್ತಾರೆ. ಗಣಿತದ ಪ್ರಕಾರ, ಸಮನಾಗಿ ಮರಿಹಾಕುವ 50 ಪ್ರಾಣಿಗಳ ಗುಂಪು ತಲೆಮಾರಿಗೊಮ್ಮೆ ತನ್ನ ವೈವಿಧ್ಯದ ನೂರರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತದೆ. 500 ಇದ್ದರೆ ಸಾವಿರದಲ್ಲೊಂದು. ಅಲ್ಪವೆಂದು ತೋರುವ ಈ ನಷ್ಟ ಸಾವಿರಾರು ತಲೆಮಾರು ಕೂಡಿದರೆ ಬೊಕ್ಕಸವನ್ನೇ ಬರಿದು ಮಾಡುವುದು.

1990ರಲ್ಲಿ ಡಿಎನ್ಎ ಬೆರಳಚ್ಚಿನ ವಿಧಾನದಿಂದ ಈ ನರಿಗಳನ್ನು ಪರೀಕ್ಷಿಸಿದಾಗ, ಮಾದರಿಯನ್ನು ನೋಡಿಯೇ ನರಿ ಯಾವ ದ್ವೀಪದ್ದೆಂದು ಹೇಳಬಹುದಾಗಿತ್ತು. ಸ್ಯಾನ್ ನಿಕೋಲಸ್ ದ್ವೀಪದ ನರಿಗಳಲ್ಲಂತೂ ಪರಸ್ಪರ ವ್ಯತ್ಯಾಸವೇ ಕಂಡುಬರಲಿಲ್ಲ. 2016ರಲ್ಲಿ ರಾಬರ್ಟ್ ವೇಯ್ನ್ ಮತ್ತು ಸಂಗಡಿಗರು ಸಂಪೂರ್ಣ ಜೀನೋಮುಗಳನ್ನೇ ಓದಿ ನೋಡಿದರು. ತಂದೆಯಿಂದ ಬಂದ ಪ್ರತಿಗೂ ತಾಯಿಯಿಂದ ಬಂದ ಪ್ರತಿಗೂ ಇರುವ ಭೇದವು ಭೂಖಂಡದ ಬೂದುನರಿಗಿಂತ ದ್ವೀಪಗಳಲ್ಲಿ 3 ರಿಂದ 84 ಪಟ್ಟು ಕಡಿಮೆಯೆಂದು ತಿಳಿದುಬಂತು. ಸ್ಯಾನ್ ನಿಕೋಲಸ್‌ನ ನರಿಯಲ್ಲಿ ಒಂದು ಲಕ್ಷ ಸ್ಥಾನಗಳಿಗೆ ಒಂದೆರಡು ಮಾತ್ರ ಭಿನ್ನವಾಗಿದ್ದವು.

ಆದರೂ ಆ ನರಿಗಳು ಆರೋಗ್ಯವಾಗಿಯೇ ಇವೆ. ವಿಷಯದ ಸ್ವಾರಸ್ಯವಿರುವುದು ಇಲ್ಲಿಯೇ. 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಉಳಿದೆಡೆ ಏಕರೂಪವಾದ ಈ ಪ್ರಾಣಿಯ ರೋಗನಿರೋಧಕ ಜೀನುಗಳಲ್ಲಿ ಮಾತ್ರ ಗಣನೀಯ ವೈವಿಧ್ಯ ಉಳಿದಿದೆಯೆಂದು ತೋರಿಸಿತು. ಎರಡು ಭಿನ್ನರೂಪಗಳುಳ್ಳ ನರಿ ಹೆಚ್ಚು ರೋಗಗಳನ್ನು ಎದುರಿಸಬಲ್ಲುದಾದ್ದರಿಂದ ನಿಸರ್ಗದ ಆಯ್ಕೆಯು ಅವನ್ನು ಕಾಯ್ದುಕೊಂಡಿರಬೇಕು. 2018ರ ಸಂಶೋಧನೆ ಮತ್ತೊಂದು ಕಾರಣವನ್ನು ಮುಂದಿಟ್ಟಿತು. ದೊಡ್ಡ ಸಮುದಾಯದಲ್ಲಿ ಮಾರಕವಾದ ಅಪ್ರಬಲ ಜೀನುಗಳು ಒಳ್ಳೆಯ ಪ್ರತಿಯ ಮರೆಯಲ್ಲಿ ಅಡಗಿ ಉಳಿಯುತ್ತವೆ. ಬಹುಕಾಲ ಸಣ್ಣದಾಗಿಯೇ ಇದ್ದ ಗುಂಪಿನಲ್ಲಿ ಅವು ಜೋಡಿಯಾಗಿ ಬಯಲಿಗೆ ಬಂದು, ಹೊತ್ತ ಪ್ರಾಣಿಯೊಡನೆಯೇ ಅಳಿಯುತ್ತವೆ. ಅಲ್ಪಹಾನಿಯ ದೋಷಗಳು ಮಾತ್ರ ಶೇಖರವಾಗುತ್ತವೆ. ಇದರಿಂದ ಒಳಸಂಬಂಧ ನಿರಪಾಯಕಾರಿಯೆಂದು ತಿಳಿಯುವುದು ಅವಸರದ ಮಾತಾದೀತು. ದೊಡ್ಡದಾಗಿದ್ದು ಹಠಾತ್ತನೆ ತುಂಡಾದ ಭೂಖಂಡದ ಸಮುದಾಯಕ್ಕೆ ಇಂತಹ ಶುದ್ಧೀಕರಣದ ಅವಕಾಶವೇ ದೊರೆತಿರುವುದಿಲ್ಲ.

ಇದು ಕೇವಲ ಪುಸ್ತಕದ ಚರ್ಚೆಯಲ್ಲ. 1990ರ ದಶಕದಲ್ಲಿ, ಕಾಡುಬಿದ್ದ ಹಂದಿಗಳ ಆಹಾರದಿಂದ ಉತ್ತರದ ದ್ವೀಪಗಳಲ್ಲಿ ನೆಲೆಯೂರಿದ ಹೊಂಬಣ್ಣದ ಗರುಡಗಳು ನರಿಗಳನ್ನೂ ಬೇಟೆಯಾಡಿದವು. ಸ್ಯಾನ್ ಮಿಗೆಲ್‌ನಲ್ಲಿ 1994ರಲ್ಲಿ ಸುಮಾರು 450 ಇದ್ದ ನರಿಗಳು 1999ರ ವೇಳೆಗೆ 15ಕ್ಕೆ ಇಳಿದವು. ಸಾಂತಾ ಕ್ಯಾಟಲೀನಾದಲ್ಲಿ 1999ರಲ್ಲಿ ನಾಯಿಗಳ ಡಿಸ್ಟೆಂಪರ್ ರೋಗವು ಸುಮಾರು 1,300ರಷ್ಟಿದ್ದುದನ್ನು ನೂರರ ಆಸುಪಾಸಿಗೆ ತಂದಿತು. ಒಂದು ದ್ವೀಪದ ನರಿಯನ್ನು ಇನ್ನೊಂದರೊಡನೆ ಕೂಡಿಸಿದ್ದರೆ ವೈವಿಧ್ಯ ಹೆಚ್ಚುತ್ತಿತ್ತು; ಆದರೆ ಪ್ರತಿ ದ್ವೀಪದ ವಿಶಿಷ್ಟ ಸಂತತಿ ಕಲಸಿಹೋಗುತ್ತಿತ್ತು. ರಕ್ಷಕರು ಕೂಡಿಸಲಿಲ್ಲ. ಆಯಾ ದ್ವೀಪದ ನರಿಗಳನ್ನು ಬೇರೆಬೇರೆಯಾಗಿಯೇ ಸಾಕಿ ಮರಿಮಾಡಿಸಿದರು, ಗರುಡಗಳನ್ನು ಸಾಗಿಸಿದರು, ಹಂದಿಗಳನ್ನು ನಿರ್ಮೂಲಗೊಳಿಸಿದರು. 2004ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ ನಾಲ್ಕು ಉಪಪ್ರಭೇದಗಳಲ್ಲಿ ಉತ್ತರದ ಮೂರನ್ನು 2016ರಲ್ಲಿ ಪಟ್ಟಿಯಿಂದ ತೆಗೆಯಲಾಯಿತು. ಇಂದಿನ ಸ್ಯಾನ್ ಮಿಗೆಲ್ ನರಿಗಳೆಲ್ಲವೂ ಆ ಹದಿನೈದರ ಸಂತಾನ.